ಅಂಚೆಯಕ್ಕ ಮತ್ತು ಕೊಕ್ಕಿಲ್ಲದ ಕಲಶ

ಬೀದಿಯವರೆಲ್ಲ ಅವಳನ್ನು ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಅಂಚೆ ಕಚೇರಿಗೂ ಅವಳಿಗೂ ಯಾವ ನಂಟೂ ಇರಲಿಲ್ಲ. ಅವಳ ಅಂಚೆಯ ದಾರಿ ಒಂದು ಅಂಗಳದಷ್ಟೇ ಉದ್ದ. ಅಂಗಳದ ಈ ಕಡೆ ಗಂಡ ತಾಮ್ರ ಬಡಿಯುವ ಸುತ್ತಿಗೆ ಕೋಣೆ, ಆ ಕಡೆ ಮೈದುನ ಹಿತ್ತಾಳೆ ಕರಗಿಸುವ ಕುಲುಮೆ ಕೋಣೆ, ನಡುವೆ ಒಂದು ನೀರಿನ ತೊಟ್ಟಿ. ಅಣ್ಣತಮ್ಮಂದಿರಿಬ್ಬರೂ ಮಾತು ಬಿಟ್ಟು ಹತ್ತು ಹನ್ನೆರಡು ವರ್ಷವಾಗಿತ್ತು. ಒಂದೇ ಮನೆ, ಒಂದೇ ಒಲೆ, ಒಂದೇ ಕಸುಬು. ಆದರೆ ಒಬ್ಬರಿಗೊಬ್ಬರು ಹೇಳಬೇಕಾದ್ದೆಲ್ಲ ಇವಳ ಬಾಯಿಂದಲೇ ಹೋಗಬೇಕು, ಇವಳ ಬಾಯಿಂದಲೇ ಬರಬೇಕು.

ಮಾತು ಬಿಟ್ಟವರು ಬೇರೆ ಬೇರೆ ಕೆಲಸ ನೋಡಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಇವರ ಕೆಲಸವೋ, ಒಬ್ಬನನ್ನು ಬಿಟ್ಟು ಇನ್ನೊಬ್ಬನಿಂದ ಆಗುವಂಥದ್ದೇ ಅಲ್ಲ. ಊರಾಚೆಯ ದಿಬ್ಬದ ಮೇಲೆ ಬೌದ್ಧರ ಒಂದು ವಿಹಾರವಿತ್ತು. ಅಲ್ಲಿ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಮಂಡಲ ಬರೆದು, ಅದರ ಸುತ್ತ ಕಲಶಗಳನ್ನಿಟ್ಟು, ದೇವತೆಗಳನ್ನು ಬರಮಾಡಿಕೊಂಡು ಪೂಜೆ ಮಾಡುತ್ತಿದ್ದರು. ಆ ಕಲಶಗಳೆಲ್ಲ ಈ ಮನೆಯವು. ದುಂಡು ಹೊಟ್ಟೆ, ಸಣ್ಣ ಕತ್ತು, ಅರಳಿದ ಬಾಯಿ, ನೀರು ಸುರಿಯಲು ಪಕ್ಕದಲ್ಲಿ ಬಾಗಿದ ಒಂದು ಕೊಕ್ಕು. ಹೊಟ್ಟೆ ಬಡಿಯುವವನು ಅಣ್ಣ, ಕೊಕ್ಕು ಎರೆದು ಬೆಸೆಯುವವನು ತಮ್ಮ. ಹಾಗಾಗಿ ಒಣಕಡ್ಡಿಯಂತಿದ್ದ ಅಣ್ಣನಿಗೆ ಬೀದಿಯಲ್ಲಿ ಹೊಟ್ಟೆಯಣ್ಣ ಎಂದೂ, ಮೊಂಡು ಮೂಗಿನ ತಮ್ಮನಿಗೆ ಕೊಕ್ಕಣ್ಣ ಎಂದೂ ಹೆಸರು ಬಿದ್ದಿತ್ತು. ಇಬ್ಬರೂ ಮೊದಮೊದಲು ಸಿಡುಕಿದರು, ಆಮೇಲೆ ಕರೆದರೆ ತಿರುಗಿ ನೋಡತೊಡಗಿದರು.

ಜಗಳದ ಮೂಲ ಕೇಳಿದರೆ ನಗು ಬರುತ್ತದೆ. ಅವರ ಅಪ್ಪ ತೀರಿಕೊಂಡ ವರ್ಷ ಇಬ್ಬರೇ ಸೇರಿ ಮಾಡಿದ ಮೊದಲ ಕಲಶ ಪೂಜೆಯ ನಡುವೆ ಸೋರಿತು. ಕೊಕ್ಕೂ ಹೊಟ್ಟೆಯೂ ಸೇರುವ ಕಡೆ ಕೂದಲೆಳೆಯಷ್ಟು ಸಂದು. ನೀರು ಮೆಲ್ಲಗೆ ಇಳಿದು, ಮಂಡಲದ ಅಂಚಿಗೆ ಹರಿದು, ಭಿಕ್ಷುಗಳು ಬೆನ್ನು ಬಗ್ಗಿಸಿ ಉದುರಿಸಿದ್ದ ಮರಳನ್ನು ಅಂಗೈಯಗಲ ಕೆಸರು ಮಾಡಿತು. ಅಣ್ಣ "ಬೆಸುಗೆ ಹಸಿ" ಎಂದ. ತಮ್ಮ "ತಗಡು ತೆಳು" ಎಂದ. ವಿಹಾರದವರು ನಕ್ಕು, ಕೆಸರು ತೆಗೆದು ಹೊಸ ಮರಳು ಉದುರಿಸಿ, ಪೂಜೆ ಮುಗಿಸಿ, ಕೊನೆಗೆ ತಮ್ಮ ಪದ್ಧತಿಯಂತೆ ಇಡೀ ಮಂಡಲವನ್ನೇ ಗುಡಿಸಿ ಹೊಳೆಗೆ ಬಿಟ್ಟುಬಂದರು. ಅಷ್ಟು ದೊಡ್ಡ ಚಿತ್ರವನ್ನೇ ಗುಡಿಸಿ ಕೈತೊಳೆದುಕೊಂಡವರು ಅವರು. ಈ ಇಬ್ಬರು ಪುಣ್ಯಾತ್ಮರು ಆ ಅಂಗೈಯಗಲ ಕೆಸರನ್ನು ಮಾತ್ರ ಇನ್ನೂ ಮನೆಯಲ್ಲೇ ಇಟ್ಟುಕೊಂಡು ಕೂತಿದ್ದರು. ಅಂದಿನಿಂದ ಅಣ್ಣ ವಿಹಾರದ ಮೆಟ್ಟಿಲು ಹತ್ತಿರಲಿಲ್ಲ.

ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಮೂಗು ಸುರಿಸುವ ಹುಡುಗ. ತಾಯಿಯಿಲ್ಲದ ಮನೆ. ಮಾವನಿಗೂ ಗಂಡನಿಗೂ ಸುತ್ತಿಗೆಯ ಸದ್ದು ಬಿಟ್ಟರೆ ಬೇರೆ ಮಾತೇ ಗೊತ್ತಿಲ್ಲ. ಬಂದ ಹೊಸತರಲ್ಲೇ ಹುಡುಗ ಅವಳ ಬಟ್ಟೆಯ ಚುಂಗು ಹಿಡಿದುಕೊಂಡು, "ಅತ್ತಿಗೆ, ನೀನು ಇಲ್ಲೇ ಇರ್ತೀಯಾ?" ಎಂದು ಕೇಳಿದ.

"ಇರ್ತೀನಿ ಪುಟ್ಟ. ನೀನೂ ಇರಬೇಕು ಮತ್ತೆ."

"ಇರ್ತೀನಿ," ಎಂದು ಹುಡುಗ ಮೂಗು ಒರೆಸಿಕೊಂಡು ಒಪ್ಪಂದ ಮಾಡಿಕೊಂಡ.

ಅವಳಿಗೆ ಮಕ್ಕಳಾಗಲಿಲ್ಲ. ಆ ಸಂಕಟವನ್ನು ಅವಳು ಒಳಗೊಳಗೇ ನುಂಗುವ ಜಾತಿಯವಳಲ್ಲ. ಅಳು ಬಂದಾಗ ಬಾಯಿಬಿಟ್ಟು ಅಳುತ್ತಿದ್ದಳು, ಅತ್ತು ಮುಗಿಸಿ "ನನಗೆ ಪುಟ್ಟ ಇದ್ದಾನಲ್ಲ" ಎಂದು ಒಲೆ ಊದಲು ಹೋಗುತ್ತಿದ್ದಳು. ಪುಟ್ಟನಿಗೆ ಈಗ ಮೀಸೆ ನರೆತಿತ್ತು. ಮದುವೆ ಮಾಡಿಕೊಳ್ಳೋ ಎಂದರೆ, "ಈ ಮನೆಯಲ್ಲಿ ಮಾತಾಡೋಕೆ ನೀನೊಬ್ಬಳು ಸಾಲದಾ?" ಎಂದು ನಗುತ್ತಿದ್ದ.

ಕಲಶಕ್ಕೆ ಹೊಳಪು ಕೊಡುವುದು, ಅದರ ಕತ್ತಿಗೆ ಕಟ್ಟುವ ರೇಷ್ಮೆ ಬಟ್ಟೆಯನ್ನು ನೆರಿಗೆ ಹಿಡಿದು ಹೊಲಿಯುವುದು ಅವಳ ಪಾಲಿನ ಕೆಲಸ. ಮಾತಿಗೂ ಅವಳು ಅದೇ ಉಪಚಾರ ಮಾಡುತ್ತಿದ್ದಳು. ಅಣ್ಣ ಸುತ್ತಿಗೆ ಕೋಣೆಯಿಂದ ಕೂಗುತ್ತಿದ್ದ: "ಹೋದ ಸಲದ ಕೊಕ್ಕು ಬಾತುಕೋಳಿ ಕತ್ತು ತಿರುಚಿದ ಹಾಗಿತ್ತು ಅಂತ ಹೇಳು ನಿನ್ನ ಮೈದುನನಿಗೆ!"

ಅವಳು ತೊಟ್ಟಿ ದಾಟಿ ಹೋಗಿ, "ಪುಟ್ಟ, ಹೋದ ಸಲದ ಕೊಕ್ಕಿನ ಬಾಗು ಎದ್ದು ಕಾಣ್ತಿತ್ತಂತೆ ಕಣೋ. ಈ ಸಲ ಒಂಚೂರು ನೇರ ಇದ್ರೆ ಇನ್ನೂ ಚೆನ್ನಂತೆ," ಎನ್ನುತ್ತಿದ್ದಳು.

"ಮೊದಲು ಅವರ ಹೊಟ್ಟೆ ನೆಟ್ಟಗೆ ಕೂರಲಿ, ಆಮೇಲೆ ನನ್ನ ಕೊಕ್ಕು ನೇರ ಆಗತ್ತೆ ಅಂತ ಹೇಳು ನಿನ್ನ ಗಂಡನಿಗೆ."

ಅವಳು ತೊಟ್ಟಿ ದಾಟಿ ವಾಪಸ್ಸು ಬಂದು, "ಆಯ್ತಂತೆ," ಎನ್ನುತ್ತಿದ್ದಳು.

ಬಾತುಕೋಳಿ, ಕತ್ತೆ, ಕುರುಡು, ದಂಡಪಿಂಡ ಎಲ್ಲವೂ ಆ ತೊಟ್ಟಿಯ ಹತ್ತಿರ ಉದುರಿಹೋಗುತ್ತಿದ್ದವು. ಅದರಲ್ಲಿ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಇನ್ನೂ ಹೇಳಬೇಕೆಂದರೆ ಹೆಮ್ಮೆಯೇ ಇತ್ತು. ಒಂದು ಸಲ ಯಾವುದೋ ಮಾತಿಗೆ ಮುನಿದು ತಮ್ಮ ಪೆಟ್ಟಿಗೆಗೆ ಬಟ್ಟೆ ತುಂಬಿಕೊಂಡು ಕೂತಿದ್ದ. ಅಂದು ಅವನು ಎರೆದಿಟ್ಟಿದ್ದ ಕೊಕ್ಕನ್ನು ಅವಳು ಗಂಡನ ಕೈಗೆ ಕೊಟ್ಟು ಹೇಗಿದೆ ಎಂದು ಕೇಳಿದಳು. ಹೊಟ್ಟೆಯಣ್ಣ ಅದನ್ನು ಬೆಳಕಿಗೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ, "ಹೂಂ" ಎಂದ. ಅಷ್ಟೇ. ಆ ಒಂದು ಹೂಂ ಅಂಗಳ ದಾಟುವಷ್ಟರಲ್ಲಿ ಕೈಕಾಲು ಬೆಳೆಸಿಕೊಂಡು, "ಹೊಳೆ ತಿರುಗಿದ ಹಾಗೆ ತಿರುಗಿಸಿದ್ದಾನೆ, ಅಪ್ಪನ ಕೈ ಬಂದಿರೋದು ಇವನಿಗೇ ಅಂದ್ರು ಪುಟ್ಟ, ಕಣ್ಣಲ್ಲಿ ನೀರಿತ್ತು," ಎಂದಾಯಿತು. ಕೊಕ್ಕಣ್ಣ ಪೆಟ್ಟಿಗೆಯಿಂದ ಬಟ್ಟೆ ತೆಗೆದು ಗೂಟಕ್ಕೆ ಹಾಕಿದ. ಅವಳು ಅಡುಗೆಮನೆಗೆ ಹೋಗಿ, ತನ್ನ ಬೆನ್ನು ತಾನೇ ತಟ್ಟಿಕೊಳ್ಳಲಾಗದೆ, ಒಲೆಯ ಮೇಲಿದ್ದ ಪಾತ್ರೆಯನ್ನು ತಟ್ಟಿದಳು.

ಹೀಗೆ ಸಾಗಿದ್ದ ಸಂಸಾರಕ್ಕೆ ದೊಡ್ಡ ಮಂಡಲದ ಸುದ್ದಿ ಬಂತು. ವಿಹಾರದಲ್ಲಿ ಮಾಮೂಲಿ ಪೂಜೆಗಳು ವರ್ಷವರ್ಷವೂ ಆಗುತ್ತವೆ, ಈ ದೊಡ್ಡದು ಮಾತ್ರ ಬಲು ಅಪರೂಪ. ಹಿಂದಿನ ಸಲ ಆದಾಗ ಮಾವ ಇನ್ನೂ ಗಟ್ಟಿಯಾಗಿದ್ದ, ಅಣ್ಣ ಆಗಷ್ಟೇ ಸುತ್ತಿಗೆ ಹಿಡಿದಿದ್ದ, ತಮ್ಮ ತೊಟ್ಟಿಲಲ್ಲಿದ್ದ. ಬೇಕಾದ ಕಲಶಗಳ ಜೊತೆಗೆ ಒಂದು ದೊಡ್ಡ ಕಲಶ, ಮಂಡಲದ ನಡುವೆ ಮುಕ್ಕಾಲಿಯ ಮೇಲೆ ಕೂರುವಂಥದ್ದು. ಹೊಟ್ಟೆಯಣ್ಣ ಅದರ ಹಿಂದೆ ಬಿದ್ದವನು ಊಟ ನಿದ್ದೆ ಮರೆತ. ತಗಡನ್ನು ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಕೊನೆಗೆ ಆ ಹೊಟ್ಟೆ ಎಷ್ಟು ದುಂಡಗೆ ಎದ್ದು ಬಂತೆಂದರೆ ಅವಳು ಒಳಗೆ ಬಂದವಳು, "ಅಯ್ಯೋ, ಇದರಲ್ಲಿ ನನ್ನ ಮುಖಾನೂ ಚೆನ್ನಾಗಿ ಕಾಣತ್ತಲ್ರೀ!" ಎಂದಳು.

"ಮುಖ ಆಮೇಲೆ ನೋಡ್ಕೋ. ನಡುವಿನ ಕಲಶಕ್ಕೆ ಆ ದಂಡಪಿಂಡ ಕೈ ಸೋಕಿಸೋದೇ ಬೇಡ ಅಂತ ಹೇಳು. ಅವನ ಕೊಕ್ಕು ಇದಕ್ಕೆ ಬೇಕಿಲ್ಲ. ಉಳಿದವಕ್ಕೆ ಬೇಕಾದ್ರೆ ಹಚ್ಚಲಿ."

ಕೇಳಿದ ಕೂಡಲೇ ಅವಳ ಕಿವಿ ಎಂದಿನಂತೆ ತನ್ನ ಕೆಲಸ ಮಾಡಿತು: ಇದು ಬೈಗುಳ, ತೊಟ್ಟಿಯ ಹತ್ತಿರ ಉದುರಿಸಬೇಕಾದ್ದು. ಆದರೂ ಬೇರೆ ದಿನವಾಗಿದ್ದರೆ ಅವಳು ಒಮ್ಮೆ ನಿಂತು, "ಯಾಕ್ರೀ?" ಎಂದು ಕೇಳುತ್ತಿದ್ದಳೋ ಏನೋ. ಅಂದು ಅವಳ ತಲೆ ಅವಳ ಹತೋಟಿಯಲ್ಲಿರಲಿಲ್ಲ. ಯಾಕೆಂದರೆ ಬೆಳಿಗ್ಗೆ ಚಹಾ ಕೊಡಲು ಹೋದಾಗ ಪುಟ್ಟ ಲೋಟ ಕೆಳಗಿಟ್ಟು ಒಂದು ಮಾತು ಹೇಳಿದ್ದ.

"ಅತ್ತಿಗೆ, ದೂರದ ಊರಲ್ಲಿ ಹೊಸ ವಿಹಾರ ಕಟ್ತಿದ್ದಾರೆ. ಅಲ್ಲೇ ಇದ್ದು ಗಂಟೆ, ದೀಪ, ಕಲಶ ಎಲ್ಲ ಎರೆಯೋ ಕೆಲಸಗಾರ ಬೇಕಂತೆ. ಬರ್ತೀನಿ ಅಂದಿದ್ದೀನಿ. ಈ ಪೂಜೆ ಮುಗಿದು ಮಂಡಲ ಗುಡಿಸಿದ ದಿನವೇ ಹೊರಡ್ತೀನಿ. ನಿನ್ನ ಗಂಡನಿಗೆ ಹೇಳಿಬಿಡು."

"ಇದೇನೋ ತಮಾಷೆ?"

"ತಮಾಷೆ ಅಲ್ಲ. ಸಾಕಾಯ್ತು. ಒಂದೇ ಮನೇಲಿ ಇದ್ದೂ ಅವರ ದನಿ ಗೋಡೆಯಾಚೆಯಿಂದ ಕೇಳೋದು ಸಾಕಾಯ್ತು. ದೂರ ಇದ್ರೆ, ದೂರ ಇದ್ದೀವಿ ಅಂತಾದರೂ ಸಮಾಧಾನ ಇರತ್ತೆ."

ಈ ಮಾತಿಗೆ ಹೊಳಪು ಕೊಡುವುದು ಹೇಗೆ? ಹೋಗ್ತಾನಂತೆ ಎಂಬುದನ್ನು ಎಷ್ಟು ಉಜ್ಜಿದರೂ ಅದು ಹೋಗ್ತಾನಂತೆ ಎಂದೇ ಉಳಿಯುತ್ತದೆ. ಹೇಳಿದರೆ ಗಂಡ ಏನಂತಾನೆ ಎಂಬುದೂ ಅವಳಿಗೆ ಬಾಯಿಪಾಠ: "ಹೋಗಲಿ, ಯಾರು ತಡೆದ್ರು?" ಆ ಮಾತು ಒಮ್ಮೆ ಆ ಬಾಯಿಂದ ಹೊರಬಿದ್ದರೆ ಮುಗಿಯಿತು. ಅಣ್ಣತಮ್ಮಂದಿರು ಒಂದು ಮಾತೂ ಆಡದೆ ದೂರವಾದರೆ ಸತ್ತ ಮೇಲೂ ಮಾತಿಲ್ಲ. ಹಾಗೆಂದುಕೊಂಡು ಅವಳು ಆ ಅಂಚೆಯನ್ನು ತನ್ನಲ್ಲೇ ಇಟ್ಟುಕೊಂಡಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತ, ಕಲಶಗಳನ್ನೆಲ್ಲ ಎಂದಿನಂತೆ ಕುಲುಮೆ ಕೋಣೆಗೆ ಸಾಗಿಸಿದಳು. ನಡುವಿನದನ್ನೂ.

ಕೊಕ್ಕಣ್ಣನಿಗೆ ಅದನ್ನು ಕಂಡು ಕಣ್ಣರಳಿತು. ಹೊರಡುವವನ ಕೊನೆಯ ಕೆಲಸ. ಮೇಣದಲ್ಲಿ ಮೊದಲು ಕೊಕ್ಕಿನ ಆಕಾರ ತಿದ್ದಿ, ಅದಕ್ಕೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಜಾಗಕ್ಕೆ ಹಿತ್ತಾಳೆ ಹೊಯ್ದು, ತನ್ನ ಜೀವಮಾನದಲ್ಲೇ ಎರೆಯದಂಥ ಕೊಕ್ಕು ಎರೆದ. ಅಣ್ಣ ಬಡಿದ ಆ ಚೆಂದದ ಹೊಟ್ಟೆಗೆ ಪಕ್ಕದಲ್ಲಿ ತೂತು ಕೊರೆದು, ಬೆಸೆದ. ಸಂದು ಎಲ್ಲಿದೆ ಎಂದು ಹುಡುಕಿದರೂ ಸಿಗದಂತೆ ಬೆಸೆದ. ಹೊಳಪು ಕೊಡುವಾಗ ಅಂಚೆಯಕ್ಕ ಅದರ ಮೇಲೆ ಬಟ್ಟೆಯಾಡಿಸುತ್ತ, ಇವನಿಲ್ಲದೆ ಈ ಮನೆ ಹೇಗಿದ್ದೀತು ಎಂದು ಕಣ್ಣೊರೆಸಿಕೊಂಡಳೇ ಹೊರತು ಬೇರೇನೂ ಅವಳಿಗೆ ಹೊಳೆಯಲಿಲ್ಲ.

ಪೂಜೆಯ ವ್ಯವಸ್ಥೆ ನೋಡಿಕೊಳ್ಳುವ ಭಿಕ್ಷು ಕಲಶಗಳನ್ನು ಒಯ್ಯಲು ಬಂದರು. ಡೊಳ್ಳು ಹೊಟ್ಟೆ, ಸದಾ ನಗುಮುಖ, ಚಹಾ ಎಂದರೆ ಪ್ರಾಣ. ಅಂಗಳದ ಕಟ್ಟೆಯ ಮೇಲೆ ಕೂತು, ಸಾಲಾಗಿ ಇಟ್ಟಿದ್ದ ಕಲಶಗಳನ್ನು ಒಂದೊಂದಾಗಿ ನೋಡುತ್ತ ಬಂದವರು ದೊಡ್ಡದರ ಮುಂದೆ ನಿಂತರು. ನಗು ಅಲ್ಲೇ ನಿಂತಿತು.

"ಅಕ್ಕ, ಇದಕ್ಕೆ ಕೊಕ್ಕು ಬಂದಿದೆಯಲ್ಲ?"

"ಬಂದಿದೆ ಗುರುಗಳೇ, ಹೇಗಿದೆ ನೋಡಿ!"

"ಚೆನ್ನಾಗಿದೆ. ಆದರೆ ನಡುವಿನ ಕಲಶಕ್ಕೆ ನಮ್ಮಲ್ಲಿ ಕೊಕ್ಕು ಇರಲ್ಲ. ಸುರಿಯೋದು, ಚಿಮುಕಿಸೋದು ಎಲ್ಲ ಪಕ್ಕದ ಕಲಶಗಳ ಕೆಲಸ. ಇದರ ನೀರು ದೇವತೆಯದು, ಅಲುಗದೆ ಕೂರಬೇಕು. ಬೇಕಾದ್ರೆ ಬಾಯಿಂದ ಗರಿ ಅದ್ದಿ ಒಂದೆರಡು ಹನಿ ತಗೋತೀವಿ."

ಮಾತು ಸುತ್ತಿಗೆ ಕೋಣೆಗೆ ಕೇಳಿಸಿರಬೇಕು. ಹೊಟ್ಟೆಯಣ್ಣ ಹೊರಗೆ ಬಂದ. ಕಲಶ ನೋಡಿದ. ಅವನ ಕೋಪ ಮೂಗಿನ ತುದಿಯಲ್ಲಿರುವಂಥದ್ದು, ಆದರೆ ಅಂದು ಅದು ಮೂಗಿನವರೆಗೂ ಬರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. "ಹೇಳಿದ್ದೆನಲ್ಲ," ಎಂದ ಹೆಂಡತಿಗೆ. "ನಡುವಿನದಕ್ಕೆ ಕೈ ಸೋಕಿಸಬೇಡ ಅಂತ ಹೇಳು ಅಂದಿದ್ದೆನಲ್ಲ. ಹಿಂದಿನ ಸಲ ನಾನು ಅಪ್ಪನ ಜೊತೆ ಮಾಡಿದ್ದೂ ಕೊಕ್ಕಿಲ್ಲದ್ದೇ. ಬೇಕಂತಲೇ ಮಾಡಿದ್ದಾನೆ ನಿನ್ನ ಮೈದುನ, ನನ್ನ ಮಾನ ಕಳೆಯೋಕೆ."

ಈಗ ಅವಳು ಬಾಯಿ ಮುಚ್ಚಿಕೊಂಡರೆ ತಪ್ಪು ಪುಟ್ಟನ ತಲೆಗೆ. "ಅವನದಲ್ಲ, ನಂದು," ಎಂದಳು. "ನಾನು ಹೇಳಲೇ ಇಲ್ಲ."

"ಯಾಕೆ?"

"ಬೈತಿದ್ದೀರಿ ಅಂದ್ಕೊಂಡೆ. ನೀವು ಹೇಳೋದರಲ್ಲಿ ಅರ್ಧ ನಾನು ಹೇಳೋದೇ ಇಲ್ಲ ರೀ."

ಕುಲುಮೆ ಕೋಣೆಯ ಬಾಗಿಲಲ್ಲಿ ಕೊಕ್ಕಣ್ಣ ನಿಂತಿದ್ದ. "ಯಾವ ಅರ್ಧ?" ಎಂದ.

ಭಿಕ್ಷು ತಮ್ಮ ಚಹಾ ಲೋಟವನ್ನು ಎತ್ತಿಕೊಂಡು, ಇದು ಬೇಗ ಮುಗಿಯುವುದಲ್ಲವೆಂದು ಕಟ್ಟೆಯ ಮೇಲೆ ಸರಿಯಾಗಿ ಕೂತರು.

ಅಲ್ಲಿಂದ ಎಲ್ಲ ಹುಳುಕೂ ಹೊರಬಿತ್ತು. ತಮ್ಮ ಅತ್ತಿಗೆಯನ್ನು ಕೇಳುತ್ತಾನೆ, ಅಣ್ಣ ಹೆಂಡತಿಗೆ ಉತ್ತರ ಕೊಡುತ್ತಾನೆ; ಆಮೇಲೆ ಅಣ್ಣ ಕೇಳುತ್ತಾನೆ, ತಮ್ಮ ಉತ್ತರ ಕೊಡುತ್ತಾನೆ. ನಡುವೆ ಇವಳು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಕತ್ತು ತಿರುಗಿಸುತ್ತ. ಬಾಗು ಎದ್ದು ಕಾಣ್ತಿತ್ತು ಅಂದಿದ್ದು? ಬಾತುಕೋಳಿ ಅಂದಿದ್ದೆ. ಆಯ್ತಂತೆ ಅಂದಿದ್ದು? ಹೊಟ್ಟೆ ನೆಟ್ಟಗೆ ಕೂರಲಿ ಅಂದಿದ್ದೆ. ಭಿಕ್ಷು ನಗು ತಡೆಯಲಾಗದೆ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದರು. ನಿಜಕ್ಕೂ ನಗುವಂಥದ್ದೇ. ಅಂಚೆಯಕ್ಕನಿಗೂ ತುಟಿ ಅದುರಿತು.

ಆಗ ಕೊಕ್ಕಣ್ಣ ಕೇಳಿದ: "ಹಾಗಾದ್ರೆ ಅಪ್ಪನ ಕೈ ನನಗೆ ಬಂದಿದೆ ಅಂದಿದ್ದು?"

ಅವಳ ನಗು ಹಾರಿಹೋಯಿತು. ಹೊಟ್ಟೆಯಣ್ಣ ಹುಬ್ಬು ಗಂಟಿಕ್ಕಿ ಹೆಂಡತಿಯನ್ನು ನೋಡಿದ. "ಯಾವಾಗ? ನಾನು ಹಾಗೆಲ್ಲ ಅಂದವನಲ್ಲ. ಕೊಕ್ಕು ನೋಡಿ ಹೂಂ ಅಂದಿದ್ದೆ, ಅಷ್ಟೇ."

"ಬರೀ ಹೂಂ?" ಕೊಕ್ಕಣ್ಣ ಅವಳನ್ನೇ ನೋಡಿದ. "ಅತ್ತಿಗೆ, ಆವತ್ತೇ ಹೋಗಿಬಿಡ್ತಿದ್ದೆ ನಾನು. ಆ ಒಂದು ಮಾತು ಕೇಳಿ ಇಷ್ಟು ವರ್ಷ ಇದ್ದೆ. ಅದೂ ನಿಂದೇನಾ?"

"ಪುಟ್ಟ..."

"ಹೋಗಲಿ ಬಿಡು. ಹೇಗೂ ಹೊರಟಿದ್ದೀನಲ್ಲ."

"ಎಲ್ಲಿಗೆ ಹೊರಟಿದ್ದಾನಂತೆ?" ಎಂದು ಹೊಟ್ಟೆಯಣ್ಣ ಹೆಂಡತಿಯನ್ನು ಕೇಳಿದ. ಅವಳು ನೆಲ ನೋಡಿದಳು. "ಇದನ್ನೂ ನುಂಗಿಬಿಟ್ಟೆಯಾ?" ಎಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಭಿಕ್ಷು ಲೋಟ ಕೆಳಗಿಟ್ಟರು. ನಾಳೆ ಹೊತ್ತು ಏರುವ ಮುಂಚೆ ಕಲಶ ತುಂಬಬೇಕು, ಕೊಕ್ಕು ತೆಗೆದು ತೂತು ಮುಚ್ಚಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿ, ಆಗಲೇಬೇಕು ಎನ್ನುವಂತೆ ತಲೆಯಾಡಿಸಿ, ಉಳಿದ ಕಲಶಗಳನ್ನು ಹೊರಿಸಿಕೊಂಡು ಹೊರಟರು.

ಕೊಕ್ಕಣ್ಣ ಕಲಶವನ್ನು ಎತ್ತಿಕೊಂಡು ಹೋಗಿ, ಕಾಯಿಸಿ, ಅಷ್ಟು ಮುದ್ದಿನಿಂದ ಬೆಸೆದ ಕೊಕ್ಕನ್ನು ಬಿಡಿಸಿದ. ತೂತಿಗೆ ಸರಿಯಾಗಿ ತಾಮ್ರದ ಬಿಲ್ಲೆ ಕತ್ತರಿಸಿ ಕೂರಿಸಿ ಬೆಸೆದ. ಬಿಲ್ಲೆ ಕೂತ ಜಾಗ ಮಾತ್ರ ಗಾಯ ಮಾಗಿದ ಹಾಗೆ ಉಬ್ಬಿಕೊಂಡಿತು. ಅದನ್ನು ಬಡಿದು ಸಮ ಮಾಡಬೇಕು, ಬಡಿಯುವುದು ಅಣ್ಣನ ಕೆಲಸ. ಅವನು ಕಲಶವನ್ನು ಅಂಗಳಕ್ಕೆ ತಂದು ಅಣ್ಣನ ಮುಂದಿಟ್ಟ.

ಹೊರಗಿನಿಂದ ಸುತ್ತಿಗೆಯ ಏಟು ಬೀಳುವಾಗ ಒಳಗಿನಿಂದ ಏನಾದರೂ ಆನಿಕೊಂಡಿರಬೇಕು, ಇಲ್ಲದಿದ್ದರೆ ತಗಡು ಒಳಕ್ಕೆ ತಗ್ಗಿಬಿಡುತ್ತದೆ. ಕಲಶದ ಕತ್ತೋ ಸಣ್ಣದು. ಬಾಗಿದ ಕಬ್ಬಿಣದ ಸಲಾಕೆಯನ್ನು ಕತ್ತಿನೊಳಗೆ ಇಳಿಸಿ, ಅದರ ದುಂಡು ತುದಿಯನ್ನು ಸರಿಯಾಗಿ ಏಟು ಬೀಳುವ ಜಾಗಕ್ಕೆ ಆನಿಸಿ ಹಿಡಿಯಬೇಕು. ಅಪ್ಪ ಇದ್ದಾಗ ಅಪ್ಪ ಹಿಡಿಯುತ್ತಿದ್ದ, ಅಣ್ಣ ಬಡಿಯುತ್ತಿದ್ದ. ಹೊಟ್ಟೆಯಣ್ಣ ಒಬ್ಬನೇ ಮೊಣಕಾಲ ನಡುವೆ ಕಲಶ ಇಟ್ಟುಕೊಂಡು ನೋಡಿದ, ಗೋಡೆಗೆ ಒರಗಿಸಿ ನೋಡಿದ. ಜಪ್ಪಯ್ಯ ಅಂದರೂ ಆಗಲಿಲ್ಲ. ಕೊಕ್ಕಣ್ಣ ನೋಡುವಷ್ಟು ನೋಡಿ, ಬಂದು ಎದುರಿಗೆ ಕೂತು, ಸಲಾಕೆ ಹಿಡಿದ. ಇಬ್ಬರ ಮೂಗಿನ ನಡುವೆ ಒಂದು ಗೇಣು ಜಾಗ.

"ಎಡಕ್ಕೆ ಹಿಡಿ ಅಂತ ಹೇಳು," ಎಂದ ಅಣ್ಣ ಹೆಂಡತಿಗೆ.

"ಯಾರ ಎಡ ಅಂತ ಕೇಳು," ಎಂದ ತಮ್ಮ ಅತ್ತಿಗೆಗೆ.

ಅಂಚೆಯಕ್ಕ ಇಬ್ಬರನ್ನೂ ನೋಡಿದಳು. ಅವಳೊಳಗೆ ಇಷ್ಟು ವರ್ಷದಿಂದ ಸವೆದ ಏನೋ ಒಂದು ಪಟಕ್ಕನೆ ಹರಿಯಿತು. "ನಾನು ಹೇಳಲ್ಲ," ಎಂದಳು. "ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು. ಹೇಳಿದ್ರೂ ತಪ್ಪು, ಬಿಟ್ರೂ ತಪ್ಪು. ಇವತ್ತಿಂದ ಅಂಚೆ ಬಂದ್! ಬೇಕಾದ್ರೆ ನೀವೇ ಬಾಯಿ ಬಿಟ್ಕೊಳ್ಳಿ, ಬೇಡವಾದ್ರೆ ಕಲಶಾನ ತಲೆ ಮೇಲೆ ಮಗುಚಿಕೊಂಡು ಕೂತ್ಕೊಳ್ಳಿ!" ಎಂದು ಕೂಗಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿಕೊಂಡವಳು ಬಾಗಿಲಿಗೇ ಕಿವಿ ಹಚ್ಚಿ ನಿಂತಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೊರಗೆ ಒಂದು ಏಟು ಬಿತ್ತು. ಏಟಿನ ಹಿಂದೆಯೇ ಬೇರೆ ಥರದ ಸದ್ದು, ಅದನ್ನು ಕೇಳಿ ಅವಳಿಗೇ ಗೊತ್ತಾಯಿತು, ಸಲಾಕೆ ಸರಿಯಾದ ಜಾಗದಲ್ಲಿಲ್ಲ.

"ತಡಿ," ಎಂದಿತು ಒಂದು ದನಿ. ಪುಟ್ಟನದು.

ಅವಳು ಕಿವಿಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು.

"ಹೂಂ, ಹೊಡಿ."

ಏಟು. ಏಟು. "ಕೆಳಗೆ." ಏಟು. "ಇನ್ನೊಂಚೂರು." ಏಟು. "ಸಾಕು, ತಿರುಗಿಸು." ಸುತ್ತಿಗೆಗೆ ಲಯ ಹತ್ತಿತು. ಅವಳು ಬಾಗಿಲಿಗೊರಗಿ ಕೂತು, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ಸಂಜೆಗೆ ಬಾಗಿಲು ತೆಗೆದು ನೋಡಿದರೆ ಕಲಶ ಅಂಗಳದಲ್ಲಿತ್ತು. ತೇಪೆ ಎಲ್ಲಿದೆ ಎಂದು ಬೆರಳಾಡಿಸಿದರೂ ತಿಳಿಯಲಿಲ್ಲ. ಅಣ್ಣ ತನ್ನ ಕೋಣೆಯಲ್ಲಿದ್ದ, ತಮ್ಮ ತನ್ನ ಕೋಣೆಯಲ್ಲಿದ್ದ. ತಮ್ಮನ ಕೋಣೆಯಲ್ಲಿ ಪೆಟ್ಟಿಗೆ ತೆರೆದಿತ್ತು. ತಡಿ, ಹೊಡಿ, ತಿರುಗಿಸು. ಅಷ್ಟಕ್ಕೇ ಮುಗಿದಿತ್ತು ಮಾತು.

ಮಂಡಲ ಗುಡಿಸುವ ದಿನ ಅವಳು ಬೇಗ ವಿಹಾರಕ್ಕೆ ಹೋದಳು. ದೊಡ್ಡ ಸಭಾಂಗಣದ ನಡುವೆ, ಮರದ ಹಲಗೆಯ ಮೇಲೆ ಆ ವೃತ್ತ. ಹೊರಗೆ ಬೆಂಕಿಯ ಬಳೆ, ಒಳಗೆ ತಾವರೆಯ ಬಳೆ, ಅದರೊಳಗೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲಿನ ಅರಮನೆ. ಎಲ್ಲವೂ ಬರೀ ಮರಳು. ನಡುವೆ ಮುಕ್ಕಾಲಿಯ ಮೇಲೆ ಅವರ ಕಲಶ, ಕತ್ತಿಗೆ ಅವಳು ಹೊಲಿದ ಕೆಂಪು ರೇಷ್ಮೆ, ಬಾಯಲ್ಲಿ ನವಿಲುಗರಿ. ಕೊಕ್ಕಣ್ಣ ಪೆಟ್ಟಿಗೆ ಸಮೇತ ಬಂದು ಕಂಬದ ಪಕ್ಕ ನಿಂತಿದ್ದ. ಪೂಜೆ ಶುರುವಾಗುವ ಹೊತ್ತಿಗೆ ಅವಳು ಬಾಗಿಲ ಕಡೆ ನೋಡಿದರೆ, ಹೊಟ್ಟೆಯಣ್ಣ! ಒಗೆದ ಅಂಗಿ ಹಾಕಿಕೊಂಡು, ಯಾರೋ ಬೈದಾರೆಂಬಂತೆ ಗೋಡೆ ಸವರಿಕೊಂಡು ಬರುತ್ತಿದ್ದ. ಡೊಳ್ಳು ಹೊಟ್ಟೆಯ ಭಿಕ್ಷು ಅವನ ತೋಳು ಹಿಡಿದು ಮುಂದೆ ಕರೆತಂದರು.

"ಎಷ್ಟು ವರ್ಷ ಆಯ್ತು ನಿಮ್ಮನ್ನು ನೋಡಿ! ಯಾಕೆ ಬರ್ತಿರಲಿಲ್ಲ?"

"ಆವತ್ತು ನಮ್ಮ ಕಲಶ ಸೋರಿ ಮಂಡಲ ಕೆಟ್ಟಿತ್ತಲ್ಲ ಗುರುಗಳೇ. ಯಾವ ಮುಖ ಹೊತ್ತು ಬರಲಿ?"

"ಸೋರಿತ್ತಾ?" ಭಿಕ್ಷು ತಲೆ ಕೆರೆದುಕೊಂಡರು. "ಇದ್ದರೂ ಇರಬಹುದು. ನೆನಪಿಲ್ಲಪ್ಪ."

ಹೊಟ್ಟೆಯಣ್ಣನ ಮುಖ ನೋಡುವಂತಿತ್ತು.

ದೊಡ್ಡ ಗುರುಗಳು ಎದ್ದು ನಡುವಿನ ಕಲಶವನ್ನು ಎತ್ತಿಸಿದರು. ಕೈಯಲ್ಲಿದ್ದ, ವಜ್ರವೆಂದು ಕರೆಯುವ ಪುಟ್ಟ ಹಿತ್ತಾಳೆ ಆಯುಧದ ತುದಿಯಿಂದ ಮಂಡಲದ ಮೇಲೆ ಅಂಚಿನಿಂದ ನಡುವಿಗೆ ಗೆರೆಯೆಳೆದರು. ಅರಮನೆ ಸೀಳಿತು. ಆಮೇಲೆ ಭಿಕ್ಷುಗಳು ಕುಂಚ ಹಿಡಿದು ನಾಲ್ಕೂ ಕಡೆಯಿಂದ ಗುಡಿಸತೊಡಗಿದರು. ಅಷ್ಟೆಲ್ಲ ಬಣ್ಣವೂ ಕಲೆತು ಕೊನೆಗೆ ಉಳಿದದ್ದು ಬೂದು ಬಣ್ಣದ ಒಂದು ಗುಪ್ಪೆ. ಅದನ್ನು ಖಾಲಿ ಕಲಶವೊಂದಕ್ಕೆ ತುಂಬಿ, ಕೊಂಬು ಊದುತ್ತ ಹೊಳೆಯವರೆಗೂ ನಡೆದರು. ಊರವರೂ ಹಿಂದೆ ನಡೆದರು. ಗುರುಗಳು ಕಲಶ ಬಾಗಿಸಿದರು. ಮರಳು ನೀರಿಗಿಳಿದು ಒಂದು ಕ್ಷಣ ಮೋಡದಂತೆ ಕಂಡು ಹರಿದುಹೋಯಿತು.

ಜನ ಚದುರಿದರು. ಹೊಳೆಯ ಮೇಲಿನ ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗ. ಕೊಕ್ಕಣ್ಣ ಪೆಟ್ಟಿಗೆ ಎತ್ತಿಕೊಂಡು ಅತ್ತಿಗೆಯ ಹತ್ತಿರ ಬಂದ.

"ಬರ್ತೀನಿ ಅತ್ತಿಗೆ."

"ಇಲ್ಲೇ ಇರ್ತೀನಿ ಅಂದಿದ್ದೆಯಲ್ಲೋ," ಎಂದಳು. ಮಾತಿನ ಮಲ್ಲಿ ಎಂದು ಬೀದಿಯೆಲ್ಲ ಹೆಸರು ಮಾಡಿದ ಹೆಂಗಸಿಗೆ ಅಂದು ಅಷ್ಟೇ ಮಾತು ಸಿಕ್ಕಿದ್ದು.

ಹೊಟ್ಟೆಯಣ್ಣ ಎರಡು ಮಾರು ದೂರದಲ್ಲಿ, ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಬಸ್ಸಿನ ಸದ್ದು ಕೇಳಿಸಿತು. ಅವನು ತಿರುಗದೆಯೇ, "ಲೇ," ಎಂದ. ಹೆಂಡತಿಗೆ.

ಅಂಚೆ ಬಂದ್ ಆಗಿತ್ತು. ಆದರೂ ಅವಳು, "ಏನ್ರೀ?" ಎಂದಳು.

"ಹೋಗಬೇಡ ಅಂತ ಹೇಳು ಅವನಿಗೆ."

ಅವಳು ಮೈದುನನ ಕಡೆ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಸೇರಿಸಲೂ ಏನೂ ಇರಲಿಲ್ಲ, ಉದುರಿಸಲೂ ಏನೂ ಇರಲಿಲ್ಲ. "ಹೋಗಬೇಡವಂತೆ," ಎಂದಳು.

ಕೊಕ್ಕಣ್ಣ ಪೆಟ್ಟಿಗೆ ಇಳಿಸಲಿಲ್ಲ. ಅತ್ತಿಗೆಯನ್ನು ಅಡಿಯಿಂದ ಮುಡಿಯವರೆಗೆ ಅನುಮಾನದಿಂದ ನೋಡಿ, "ಇದು ಅವರು ಹೇಳಿದ್ದಾ, ನೀನು ಹೇಳಿದ್ದಾ?" ಎಂದ. ಎರಡು ಮಾರು ದೂರದಲ್ಲಿ ನಿಂತು ತಾನೇ ಕಿವಿಯಾರೆ ಕೇಳಿದ ಮಾತಿಗೆ ಹೀಗೆ ಕೇಳುತ್ತಿದ್ದ ಆಸಾಮಿ!

"ನಾನೇ ಕಣೋ ಹೇಳಿದ್ದು," ಎಂದ ಹೊಟ್ಟೆಯಣ್ಣ. ಈ ಸಲ ತಿರುಗಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ಯಾರೂ ಕಟ್ಟಿ ಹೇಳಬೇಕಾಗಿರಲಿಲ್ಲ.

ಬಸ್ಸು ಬಂದು ನಿಂತಿತು. ಹಾರನ್ ಹೊಡೆಯಿತು. ಯಾರೂ ಹತ್ತದ್ದರಿಂದ ಹೊರಟುಹೋಯಿತು.

"ಅಣ್ಣ," ಎಂದ ಕೊಕ್ಕಣ್ಣ. "ಅಪ್ಪನ ಕೈ ನನಗೆ ಬಂದಿದೆ ಅಂತ ಅತ್ತಿಗೆ ಆವತ್ತು ಹೇಳಿದ್ದಳಲ್ಲ. ನಿಜಾನಾ ಅದು?"

ಹೊಟ್ಟೆಯಣ್ಣ ತಮ್ಮನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಹೆಗಲಿಗೆ ಏರಿಸಿದ. ಮನೆಯ ದಾರಿ ಹಿಡಿಯುತ್ತ, ಅಂದು ಕೊಕ್ಕನ್ನು ಬೆಳಕಿಗೆ ಹಿಡಿದಾಗ ಹೇಗೆ ಅಂದಿದ್ದನೋ ಹಾಗೇ, "ಹೂಂ" ಎಂದ.

ಅಂಚೆಯಕ್ಕ ಅಭ್ಯಾಸಬಲದಿಂದ ಬಾಯಿ ತೆರೆದಳು. ಅಷ್ಟರಲ್ಲಿ ಪುಟ್ಟ, "ಗೊತ್ತಾಯ್ತು ಬಿಡು ಅತ್ತಿಗೆ," ಎಂದ.